ಕೆನೂ ನೇರವಾಗಿ ಸಾಗಲು ಯಾವ ಸ್ಟ್ರೋಕ್ ಆರಿಸಿಕೊಳ್ಳಬೇಕು?

ಕೆನೂ ಎಂದರೆ ಒಂದೇ ಅಲಗಿನ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ. ಒಂದೇ ಮಗ್ಗುಲಿನಲ್ಲಿ ಹುಟ್ಟು ಹಾಕಿದರೆ ಅದು ಇನ್ನೊಂದು ಮಗ್ಗುಲಿಗೆ ತಿರುಗುತ್ತದೆ. ಎಡಗಡೆ ಎಳೆದರೆ ಮೂತಿ ಬಲಕ್ಕೆ ಹೊರಳುತ್ತದೆ, ಬಲಗಡೆ ಎಳೆದರೆ ಎಡಕ್ಕೆ. ಕಯಾಕ್ ನಡೆಸುವವರ ಹುಟ್ಟಿಗೆ ಎರಡೂ ತುದಿಗಳಲ್ಲಿ ಅಲಗು ಇರುವುದರಿಂದ ಒಂದು ಎಳೆತದ ತಿರುವನ್ನು ಮುಂದಿನ ಎಳೆತವೇ ಬಹುಮಟ್ಟಿಗೆ ಸರಿದೂಗಿಸುತ್ತದೆ. ಒಂದೇ ಅಲಗಿನ ಹುಟ್ಟು ಹಿಡಿದವರಿಗೆ ಆ ಅನುಕೂಲವಿಲ್ಲ; ದೋಣಿಯನ್ನು ನೇರವಾಗಿ ಒಯ್ಯುವ ಕೆಲಸವನ್ನೂ ಮುಂದಕ್ಕೆ ನೂಕುವ ಕೆಲಸವನ್ನೂ ಅವರು ಅದೇ ಒಂದು ಅಲಗಿನಿಂದ ಮಾಡಬೇಕು. ಈ ಉದ್ದೇಶಕ್ಕಾಗಿ ಬಳಕೆಗೆ ಬಂದಿರುವ ಸ್ಟ್ರೋಕ್‌ಗಳು, ಅಂದರೆ ಹುಟ್ಟು ಎಳೆಯುವ ಬಗೆಗಳು, ಹಲವಾರು. ಹೊಸಬರಿಗೆ ಅವೆಲ್ಲ ಒಂದೇ ಚಲನೆಯ ಬೇರೆ ಬೇರೆ ಹೆಸರುಗಳಂತೆ ತೋರಬಹುದು, ಆದರೆ ಅವುಗಳ ನಡುವೆ ಇರುವ ವ್ಯತ್ಯಾಸ ಚಿಕ್ಕದಲ್ಲ.

ಈ ಸ್ಟ್ರೋಕ್‌ಗಳನ್ನು ಹೋಲಿಸುವಾಗ ನಾನು ಮುಖ್ಯವಾಗಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ದಿಕ್ಕನ್ನು ತಿದ್ದುವ ಕೆಲಸವು ಎಳೆತದ ಯಾವ ಹಂತದಲ್ಲಿ ನಡೆಯುತ್ತದೆ? ಪ್ರತಿ ತಿದ್ದುಪಡಿಗೂ ವೇಗದ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ. ಎಳೆತದೊಳಗೇ ಬೆರೆತು ಬೇಗ ಆಗುವ ತಿದ್ದುಪಡಿಗೆ ಆ ಬೆಲೆ ಕಡಿಮೆ. ಎಳೆತ ಮುಗಿದ ಮೇಲೆ ಪ್ರತ್ಯೇಕವಾಗಿ ಸೇರಿಸುವ ತಿದ್ದುಪಡಿಗೆ ಬೆಲೆ ಹೆಚ್ಚು, ಆದರೆ ಅದರ ಬಲವೂ ಹೆಚ್ಚು. ಸ್ಟ್ರೋಕ್‌ಗಳ ಆಯ್ಕೆಯೆಂದರೆ ಬಹುಪಾಲು ಈ ಎರಡರ ನಡುವಣ ಆಯ್ಕೆಯೇ.

ದೋಣಿ ತಿರುಗುವುದೇಕೆ

ಆಯ್ಕೆಗೆ ಮೊದಲು ಕಾರಣವನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಕಾರಣ ತಿಳಿಯದೆ ಕಲಿತ ಕೈಚಲನೆ ಗಾಳಿ ಬೀಸಿದೊಡನೆ ಕೈಕೊಡುತ್ತದೆ. ಅಲಗು ನೀರನ್ನು ಒತ್ತುವ ಜಾಗ ದೋಣಿಯ ನಡುಗೆರೆಯಿಂದ ಒಂದಷ್ಟು ಹೊರಗಿರುತ್ತದೆ. ಆ ಅಂತರವೇ ಸನ್ನೆಯಂತೆ ಕೆಲಸ ಮಾಡಿ ಮೂತಿಯನ್ನು ಎದುರು ಮಗ್ಗುಲಿಗೆ ತಳ್ಳುತ್ತದೆ. ಇದರ ಜೊತೆಗೆ ಹೆಚ್ಚಿನವರ ಎಳೆತ ನೇರಗೆರೆಯಲ್ಲಿ ಸಾಗುವುದಿಲ್ಲ. ಅದು ದೋಣಿಯ ಅಂಚಿನ ಬಾಗನ್ನು ಅನುಸರಿಸಿ ಕಮಾನಿನಂತೆ ಸುತ್ತಿ ಬರುತ್ತದೆ, ಮತ್ತು ಕಮಾನಿನ ಪ್ರತಿ ಭಾಗವೂ ತಿರುವನ್ನು ಹೆಚ್ಚಿಸುತ್ತದೆ.

ಇನ್ನೊಂದು ಕಾರಣ ನೀರಿನದು. ನಿಂತ ದೋಣಿಯು ಹೆಚ್ಚುಕಡಿಮೆ ತನ್ನ ನಡುಭಾಗವನ್ನು ಕೇಂದ್ರವಾಗಿಸಿಕೊಂಡು ತಿರುಗುತ್ತದೆ. ಅದು ವೇಗ ಪಡೆದಂತೆ ಮೂತಿಯ ಎರಡೂ ಬದಿಗಳಲ್ಲಿ ನೀರಿನ ಒತ್ತಡ ಏರಿ ಮೂತಿಯನ್ನು ಹಿಡಿದಿಡುತ್ತದೆ, ಹಿಂತುದಿಯಾದರೋ ಕಲಕಿದ ಸಡಿಲ ನೀರಿನಲ್ಲಿ ಪಕ್ಕಕ್ಕೆ ಜಾರುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿರುತ್ತದೆ. ತಿರುಗುವ ಕೇಂದ್ರವು ಹೀಗೆ ಮುಂದಕ್ಕೆ ಸರಿಯುತ್ತದೆ. ಸಾಗುತ್ತಿರುವ ದೋಣಿಯನ್ನು ಹಿಂದಿನಿಂದ ನಡೆಸುವುದು ಸುಲಭವಾಗುವುದೂ, ಇಬ್ಬರು ಎದುರು ಬದುರು ಮಗ್ಗುಲುಗಳಲ್ಲಿ ಸಮನಾಗಿ ಎಳೆದರೂ ದೋಣಿಯು ಸಾಮಾನ್ಯವಾಗಿ ಹಿಂದೆ ಕುಳಿತವರ ಹುಟ್ಟಿನ ಕಡೆಯಿಂದ ದೂರಕ್ಕೆ ಹೊರಳುವುದೂ ಇದರಿಂದಲೇ. ಹಾಗಾಗಿ ನೇರ ದಾರಿಯ ಹೊಣೆ ಹೆಚ್ಚಾಗಿ ಹಿಂದೆ ಕುಳಿತವರದು.

ತಿದ್ದುವ ಅಗತ್ಯವನ್ನೇ ಕಡಿಮೆ ಮಾಡುವ ಎಳೆತ ಯಾವುದೇ ತಿದ್ದುವ ಸ್ಟ್ರೋಕ್‌ಗಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲಿನ ಕೈ ದೋಣಿಯ ಅಂಚನ್ನು ದಾಟಿ ನೀರಿನ ಮೇಲಕ್ಕೆ ಬರಬೇಕು, ಹುಟ್ಟಿನ ಕೋಲು ಮುಂದಿನಿಂದ ನೋಡಿದಾಗ ಲಂಬವಾಗಿ ಕಾಣಬೇಕು, ಅಲಗು ದೋಣಿಗೆ ತೀರ ಹತ್ತಿರವಾಗಿ ಅಂಚಿನ ಬಾಗನ್ನು ಅನುಸರಿಸದೆ ನಡುಗೆರೆಗೆ ಸಮಾನಾಂತರವಾಗಿ ಸಾಗಬೇಕು, ಮತ್ತು ಸೊಂಟದ ಬಳಿ ಎಳೆತ ಮುಗಿಯಬೇಕು. ಸೊಂಟ ದಾಟಿದ ಮೇಲೂ ಎಳೆಯುತ್ತಿದ್ದರೆ ಅಲಗು ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲಕ್ಕೆತ್ತುತ್ತದೆ, ದೋಣಿಯನ್ನು ತಿರುಗಿಸುತ್ತದೆ, ಮುಂದೆ ಮಾತ್ರ ಒಯ್ಯುವುದಿಲ್ಲ. ಕೋಲನ್ನು ಓರೆಯಾಗಿ ಹಿಡಿದು ದೂರದಲ್ಲಿ ಎಳೆಯುವವರು ಮುಂದೆ ವಿವರಿಸುವ ಜೆ ಸ್ಟ್ರೋಕ್‌ನಂಥ ತಿದ್ದುಪಡಿಯನ್ನು ಎಷ್ಟೇ ಚೆನ್ನಾಗಿ ಕಲಿತರೂ ಅರ್ಧ ಶಕ್ತಿಯನ್ನು ತಮ್ಮ ಎಳೆತದ ದೋಷವನ್ನು ಅಳಿಸುವುದಕ್ಕೇ ವ್ಯಯಿಸುತ್ತಾರೆ.

ಜೆ ಸ್ಟ್ರೋಕ್ ಮತ್ತು ಹಿಂದಿನ ಪ್ರೈ

ಹೆಚ್ಚು ಜನ ಎದುರಿಸುವ ಮೊದಲ ಆಯ್ಕೆ ಇದು, ಹೆಚ್ಚು ಗೊಂದಲವಿರುವುದೂ ಇಲ್ಲಿಯೇ. ಎರಡೂ ಸ್ಟ್ರೋಕ್‌ಗಳು ಎಳೆತದ ಕೊನೆಯಲ್ಲಿ ಅಲಗನ್ನು ದೋಣಿಯಿಂದ ಹೊರಕ್ಕೆ ಒತ್ತುತ್ತವೆ. ಹೊರಕ್ಕೆ ಒತ್ತಿದ ನೀರು ಹಿಂತುದಿಯನ್ನು ಎದುರು ಮಗ್ಗುಲಿಗೆ ಸರಿಸುತ್ತದೆ, ಅದರಿಂದ ಮೂತಿಯು ಹುಟ್ಟಿನ ಕಡೆಗೆ ಮರಳುತ್ತದೆ. ಎರಡರಲ್ಲಿ ನೀರನ್ನು ಒತ್ತುವ ಮುಖ ಮಾತ್ರ ಬೇರೆ.

ಜೆ ಸ್ಟ್ರೋಕ್‌ನಲ್ಲಿ ಅಲಗು ಸೊಂಟವನ್ನು ಸಮೀಪಿಸುತ್ತಿದ್ದಂತೆ ಮೇಲಿನ ಕೈಯ ಹೆಬ್ಬೆರಳು ಮುಂದಕ್ಕೂ ಕೆಳಕ್ಕೂ ತಿರುಗುತ್ತದೆ. ಅದುವರೆಗೆ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದ ಮುಖವೇ ಈಗ ಹೊರಗಡೆಗೆ ತಿರುಗಿ ಕಿರಿದಾದ ಒಂದು ಒತ್ತನ್ನು ಕೊಡುತ್ತದೆ. ಅಲಗು ನೀರಿನಲ್ಲಿ ಗೀಚುವ ಗೆರೆ ಇಂಗ್ಲಿಷ್ ಜೆ ಅಕ್ಷರವನ್ನು ಹೋಲುವುದರಿಂದ ಈ ಹೆಸರು. ಇಲ್ಲಿ ಅಲಗು ತನ್ನ ಮುಖವನ್ನು ಬದಲಿಸಬೇಕಾಗಿಲ್ಲ, ಎಳೆತದಿಂದ ತಿದ್ದುಪಡಿಗೆ ಹೊರಳುವಾಗ ನಡುವೆ ತಡೆಯಿಲ್ಲ, ದೋಣಿಯ ಓಟ ಕುಂದುವುದು ಅತ್ಯಲ್ಪ. ಶಾಂತವಾದ ನೀರಿನಲ್ಲಿ ದಿನವಿಡೀ ಒಂದೇ ಮಗ್ಗುಲಿನಲ್ಲಿ ಹುಟ್ಟು ಹಾಕಬೇಕಾದವರಿಗೆ ಇದಕ್ಕಿಂತ ಉಪಯುಕ್ತವಾದ ಚಲನೆ ಇಲ್ಲ.

ಹಿಂದಿನ ಪ್ರೈ ಎಂಬ ಸ್ಟ್ರೋಕ್‌ನಲ್ಲಿ ಹೆಬ್ಬೆರಳು ಮೇಲಕ್ಕೆ ತಿರುಗುತ್ತದೆ, ಅಲಗಿನ ಹಿಂಬದಿಯ ಮುಖ ನೀರನ್ನು ಹೊರಕ್ಕೆ ಒತ್ತುತ್ತದೆ. ಇದಕ್ಕೆ ಗೂನ್ ಸ್ಟ್ರೋಕ್ ಎಂಬ ಹೆಸರೂ ಇದೆ. ಸೂಕ್ಷ್ಮತೆಯಿಲ್ಲದ ಚಲನೆ ಎಂಬ ತಿರಸ್ಕಾರ ಆ ಹೆಸರಿನಲ್ಲಿದೆ. ಆ ತಿರಸ್ಕಾರ ಪೂರ್ತಿ ನ್ಯಾಯವಾದುದಲ್ಲ. ಹೆಬ್ಬೆರಳು ಮೇಲಿದ್ದಾಗ ಮಣಿಕಟ್ಟು ಸಹಜ ಸ್ಥಿತಿಯಲ್ಲಿರುತ್ತದೆ, ತೋಳು ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸಕ್ಕೆ ಬರುತ್ತವೆ, ಕೋಲನ್ನು ದೋಣಿಯ ಅಂಚಿಗೆ ತಾಗಿಸಿ ಸನ್ನೆಯಾಗಿ ಬಳಸಿದರೆ ಕ್ಷಣಮಾತ್ರದಲ್ಲಿ ಬಹಳ ಬಲವಾದ ತಿರುವು ಸಿಗುತ್ತದೆ. ರಭಸದ ಹೊಳೆಯಲ್ಲಿ ಬಂಡೆಯ ಕಡೆಗೆ ಹೊರಳುತ್ತಿರುವ ದೋಣಿಗೆ ಬೇಕಾದದ್ದು ಅಂಥ ತಿರುವೇ ಹೊರತು ನಯವಲ್ಲ. ಅದರ ದೋಷವೆಂದರೆ ಬಳಸುವವರು ಅಲಗನ್ನು ಹಿಂದೆ ಬಿಟ್ಟು ಎಳೆದುಕೊಂಡು ಹೋಗುವ ಅಭ್ಯಾಸಕ್ಕೆ ಬೀಳುತ್ತಾರೆ. ಆಗ ಅಲಗು ಚುಕ್ಕಾಣಿಯಾಗುವುದಕ್ಕಿಂತ ಹೆಚ್ಚಾಗಿ ತಡೆಯಾಗುತ್ತದೆ, ಪ್ರತಿ ಎಳೆತದಲ್ಲಿ ಗಳಿಸಿದ ವೇಗದ ಒಂದು ಪಾಲು ಅಲ್ಲಿಯೇ ಸೋರುತ್ತದೆ, ಮುಂದೆ ಕುಳಿತವರ ಲಯದೊಂದಿಗಿನ ಹೊಂದಾಣಿಕೆಯೂ ತಪ್ಪುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ: ಸರೋವರ, ಹಿನ್ನೀರು ಮತ್ತು ನಿಧಾನವಾದ ಹೊಳೆಗೆ ಜೆ ಸ್ಟ್ರೋಕ್, ರಭಸದ ನೀರಿಗೆ, ಹೇರು ತುಂಬಿದ ದೋಣಿಗೆ, ಬಲವಾದ ಗಾಳಿಯಲ್ಲಿ ಒಮ್ಮೆಲೇ ದಿಕ್ಕು ಹಿಡಿಯಬೇಕಾದ ಸಂದರ್ಭಕ್ಕೆ ಪ್ರೈ. ಎರಡರಲ್ಲಿ ಒಂದನ್ನೇ ಕಲಿಯುವಷ್ಟು ಸಮಯವಿದ್ದರೆ ಜೆ ಸ್ಟ್ರೋಕ್ ಕಲಿಯಿರಿ, ಏಕೆಂದರೆ ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸುವ ಚಲನೆ ಅಗತ್ಯ ಬಂದಾಗ ಯಾರಿಗಾದರೂ ತಾನಾಗಿಯೇ ಬರುತ್ತದೆ, ಕೆಳಕ್ಕೆ ತಿರುಗಿಸುವುದು ಕಲಿಯದೆ ಬರುವುದಿಲ್ಲ.

ಜೆ ಸ್ಟ್ರೋಕ್ ಕಲಿಯುವವರು ಮಣಿಕಟ್ಟಿನ ನೋವಿನಿಂದ ಬೇಸತ್ತು ಅದನ್ನು ಕೈಬಿಡುವುದುಂಟು. ಕಾರಣ ಸಾಮಾನ್ಯವಾಗಿ ಕೆಳಗಿನ ಕೈಯಲ್ಲಿರುತ್ತದೆ. ಆ ಕೈ ಕೋಲನ್ನು ಬಿಗಿಯಾಗಿ ಹಿಡಿದಿದ್ದರೆ ಎರಡೂ ಮಣಿಕಟ್ಟುಗಳು ಒಟ್ಟಿಗೆ ತಿರುಚಿಕೊಳ್ಳಬೇಕಾಗುತ್ತದೆ. ಕೆಳಗಿನ ಕೈ ಸಡಿಲವಾಗಿದ್ದು ಕೋಲು ಅದರೊಳಗೆ ಉರುಳುವಂತಿದ್ದರೆ ತಿರುಗಿಸುವ ಕೆಲಸವನ್ನು ಮೇಲಿನ ಕೈ ಒಂದೇ ನಿರಾಯಾಸವಾಗಿ ಮಾಡುತ್ತದೆ. ಇನ್ನೊಂದು ತಪ್ಪು, ಹೊರಕ್ಕೆ ಒತ್ತುವ ಭಾಗವನ್ನು ಅತಿಯಾಗಿ ಹಿಗ್ಗಿಸುವುದು. ಒತ್ತು ಚಿಕ್ಕದಾಗಿರಬೇಕು ಮತ್ತು ಅಗತ್ಯಕ್ಕೆ ತಕ್ಕಂತೆ ಪ್ರತಿ ಎಳೆತದಲ್ಲೂ ಬದಲಾಗಬೇಕು. ಕೆಲವು ಎಳೆತಗಳಿಗೆ ಅದು ಬೇಕಾಗದೆಯೂ ಇರಬಹುದು.

ಪಿಚ್, ಕೆನೇಡಿಯನ್ ಮತ್ತು ಇಂಡಿಯನ್ ಸ್ಟ್ರೋಕ್‌ಗಳು

ಜೆ ಸ್ಟ್ರೋಕ್ ಕೈಗೂಡಿದ ಮೇಲೆ ತಿದ್ದುಪಡಿಯನ್ನು ಎಳೆತದ ಬೇರೆ ಹಂತಕ್ಕೆ ಸರಿಸುವ ಪ್ರಶ್ನೆ ಏಳುತ್ತದೆ. ಪಿಚ್ ಸ್ಟ್ರೋಕ್ ಅದನ್ನು ಮುಂಚಿತವಾಗಿಸುತ್ತದೆ. ಇಲ್ಲಿ ಕೊನೆಯಲ್ಲಿ ಪ್ರತ್ಯೇಕವಾದ ಕೊಕ್ಕೆ ಇರುವುದಿಲ್ಲ. ಅಲಗು ಅರ್ಧ ದಾರಿಗೆ ಬರುವಷ್ಟರಲ್ಲಿಯೇ ಹೆಬ್ಬೆರಳು ಮೆಲ್ಲನೆ ತಿರುಗಲು ಆರಂಭಿಸಿ, ಅಲಗಿನ ಮುಖವು ಸ್ವಲ್ಪ ಸ್ವಲ್ಪವಾಗಿ ಹೊರಗಡೆಗೆ ಓರೆಯಾಗುತ್ತಾ ಹೋಗುತ್ತದೆ. ಒಂದೇ ಎಳೆತವು ಏಕಕಾಲದಲ್ಲಿ ನೂಕುವುದೂ ತಿದ್ದುವುದೂ ಆಗುತ್ತದೆ. ವೇಗ ಪಡೆದ ದೋಣಿಯನ್ನು ಅದೇ ವೇಗದಲ್ಲಿ ಸಾಗಿಸಿಕೊಂಡು ಹೋಗುವುದಕ್ಕೆ ಇದಕ್ಕಿಂತ ಮಿತವ್ಯಯದ ಕ್ರಮ ನನಗೆ ಕಾಣದು. ಆದರೆ ಅದರ ಬಲ ಕಡಿಮೆ. ಒಮ್ಮೆ ದೋಣಿ ದಾರಿ ತಪ್ಪಿದರೆ ಪಿಚ್ ಸ್ಟ್ರೋಕ್ ಅದನ್ನು ಮರಳಿ ತರಲಾರದು, ಆಗ ಒಂದೆರಡು ಪೂರ್ಣ ಜೆ ಸ್ಟ್ರೋಕ್‌ಗಳು ಬೇಕಾಗುತ್ತವೆ. ನುರಿತವರ ಕೈಯಲ್ಲಿ ಇವೆರಡೂ ಬೇರೆಯಾಗಿ ಉಳಿಯುವುದಿಲ್ಲ, ನೀರು ಕೇಳಿದಷ್ಟು ಓರೆ ಮತ್ತು ನೀರು ಕೇಳಿದಷ್ಟು ಕೊಕ್ಕೆ ಒಂದೇ ಎಳೆತದಲ್ಲಿ ಸೇರಿಕೊಳ್ಳುತ್ತವೆ.

ಕೆನೇಡಿಯನ್ ಸ್ಟ್ರೋಕ್ ತಿದ್ದುಪಡಿಯನ್ನು ಎಳೆತದ ನಂತರದ ಹಂತಕ್ಕೆ, ಅಂದರೆ ಅಲಗು ಮತ್ತೆ ಮುಂದಕ್ಕೆ ಬರುವ ಹಾದಿಗೆ ಹರಡುತ್ತದೆ. ಜೆ ಸ್ಟ್ರೋಕ್‌ನಂತೆಯೇ ಹೆಬ್ಬೆರಳು ಕೆಳಕ್ಕೆ ತಿರುಗುತ್ತದೆ, ಆದರೆ ಅಲಗು ಕೂಡಲೇ ನೀರಿನಿಂದ ಹೊರಬರುವುದಿಲ್ಲ. ಅದು ಅಂಚಿನ ಮೇಲೆ ನೀರನ್ನು ಸೀಳಿಕೊಂಡು ಮುಂದಕ್ಕೆ ಸಾಗುತ್ತಾ, ಹೊರಕ್ಕೂ ಮೇಲಕ್ಕೂ ಹಗುರವಾದ ಒತ್ತನ್ನು ಕೊಡುತ್ತದೆ. ತಿದ್ದುವ ಅವಧಿ ಹೀಗೆ ಉದ್ದವಾಗುವುದರಿಂದ ಒತ್ತಿನ ಬಲ ಕಡಿಮೆಯಿದ್ದರೂ ಸಾಕು. ಒಬ್ಬರೇ ನಡೆಸುವ ದೋಣಿಗೆ ಇದು ವಿಶೇಷವಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ಮುಂದಿನಿಂದ ಸರಿದೂಗಿಸುವ ಎರಡನೆಯ ಹುಟ್ಟು ಇಲ್ಲ. ಕೆನಡಾದ ಸರೋವರ ಪ್ರದೇಶಗಳಲ್ಲಿ ಬೆಳೆದ ಒಂಟಿ ಕೆನೂ ಶೈಲಿಯಲ್ಲಿ ನಡೆಸುವವರು ನಡುಭಾಗದ ಸಮೀಪ ಮೊಣಕಾಲೂರಿ, ದೋಣಿಯನ್ನು ಹುಟ್ಟಿನ ಕಡೆಗೆ ಓರೆಯಾಗಿಸಿಕೊಂಡು ಸಾಗುತ್ತಾರೆ. ಓರೆಯಾದ ದೋಣಿಯ ನೀರೊಳಗಿನ ಉದ್ದ ಕಡಿಮೆಯಾಗುತ್ತದೆ, ನೀರು ಕೈಗೆ ಹತ್ತಿರವಾಗುತ್ತದೆ, ಕೋಲನ್ನು ಲಂಬವಾಗಿ ಹಿಡಿಯುವುದು ಸುಲಭವಾಗುತ್ತದೆ. ಅಂಥ ದೋಣಿ ಸಣ್ಣ ಒತ್ತಿಗೂ ಮಣಿಯುವುದರಿಂದ ಕೆನೇಡಿಯನ್ ಸ್ಟ್ರೋಕ್‌ನ ಮೃದುವಾದ ತಿದ್ದುಪಡಿ ಅಲ್ಲಿ ಪೂರ್ಣ ಫಲ ಕೊಡುತ್ತದೆ. ಕಲಿಯುವವರು ನೆನಪಿಡಬೇಕಾದದ್ದು ಅಲಗಿನ ಕೋನ. ಮುಂದಕ್ಕೆ ಸೀಳುವಾಗ ಆ ಕೋನ ಸ್ವಲ್ಪ ಹೆಚ್ಚಾದರೂ ನೀರು ಅಲಗನ್ನು ದೋಣಿಯ ಅಡಿಗೆ ಸೆಳೆಯಬಹುದು ಇಲ್ಲವೇ ಮೇಲಕ್ಕೆ ಚಿಮ್ಮಿಸಬಹುದು. ಆದ್ದರಿಂದ ಇದನ್ನು ಮೊದಲು ನಿಧಾನ ವೇಗದಲ್ಲಿ ಅಭ್ಯಾಸ ಮಾಡುವುದು ಸರಿ.

ಇಂಡಿಯನ್ ಸ್ಟ್ರೋಕ್ ಎಂದು ಕರೆಯುವ ಚಲನೆಯಲ್ಲಿ ಅಲಗು ನೀರಿನಿಂದ ಹೊರಬರುವುದೇ ಇಲ್ಲ. ಎಳೆತ ಮುಗಿದ ಮೇಲೆ ಅಲಗು ನೀರೊಳಗೇ ಮುಂದಕ್ಕೆ ಬರುತ್ತದೆ, ಆ ಹಾದಿಯಲ್ಲಿ ಹುಟ್ಟಿನ ಹಿಡಿ ಅಂಗೈಯೊಳಗೆ ಉರುಳುತ್ತದೆ, ಮುಂದಿನ ಎಳೆತದಲ್ಲಿ ಅಲಗಿನ ಇನ್ನೊಂದು ಮುಖ ಕೆಲಸ ಮಾಡುತ್ತದೆ. ತೊಟ್ಟಿಕ್ಕುವ ಹನಿಯ ಸದ್ದೂ ಇಲ್ಲದ ಕಾರಣ ಹಕ್ಕಿ ಮತ್ತು ಪ್ರಾಣಿಗಳನ್ನು ಹತ್ತಿರದಿಂದ ನೋಡಬಯಸುವವರು ಇದನ್ನೇ ಆರಿಸಿಕೊಳ್ಳುತ್ತಾರೆ. ವೇಗ ಬೇಕಾದಲ್ಲಿ ಇದು ತಕ್ಕದ್ದಲ್ಲ. ಹಿಡಿ ಎರಡೂ ಕಡೆಯಿಂದ ಒಂದೇ ಆಕಾರದಲ್ಲಿರುವ, ಕೋಲು ನೇರವಾಗಿರುವ ಹುಟ್ಟಿನಿಂದ ಮಾತ್ರ ಇದು ಸಾಧ್ಯ.

ನಿಂತ ದೋಣಿಯನ್ನು ಹೊರಡಿಸುವಾಗ

ಒಬ್ಬರೇ ನಡೆಸುವವರಿಗೆ ಅತಿ ಕಷ್ಟದ ಗಳಿಗೆ ಹೊರಡುವ ಗಳಿಗೆ. ದೋಣಿಗೆ ವೇಗವಿಲ್ಲ, ಮೂತಿಯನ್ನು ಹಿಡಿದಿಡುವ ಒತ್ತಡ ಇನ್ನೂ ಹುಟ್ಟಿಲ್ಲ, ಮೊದಲ ಎಳೆತದ ಬಲವೋ ದೊಡ್ಡದು. ಅಲ್ಲಿ ಜೆ ಸ್ಟ್ರೋಕ್ ಒಂದೇ ಸಾಲದು, ಏಕೆಂದರೆ ಕೊನೆಯಲ್ಲಿ ತಿದ್ದುವಷ್ಟರಲ್ಲಿ ದೋಣಿ ಆಗಲೇ ಹೊರಳಿಬಿಟ್ಟಿರುತ್ತದೆ. ಸಿ ಸ್ಟ್ರೋಕ್ ಈ ಕೊರತೆಯನ್ನು ತುಂಬುತ್ತದೆ: ಅಲಗನ್ನು ಮುಂದೆ ಸ್ವಲ್ಪ ಹೊರಗಡೆ ಇಳಿಸಿ, ಮೊದಲು ಮೂತಿಯ ಕಡೆಗೆ ಒಳಕ್ಕೆ ಸೆಳೆದು, ದೋಣಿಯ ಅಡಿಭಾಗದ ಹತ್ತಿರದಲ್ಲೇ ಹಿಂದಕ್ಕೆ ಎಳೆದು, ಕೊನೆಗೆ ಜೆ ಸ್ಟ್ರೋಕ್‌ನಂತೆ ಹೊರಕ್ಕೆ ಒತ್ತಿ ಮುಗಿಸಬೇಕು. ಮೊದಲ ಸೆಳೆತ ಮೂತಿಯನ್ನು ಹುಟ್ಟಿನ ಕಡೆಗೆ ತರುತ್ತದೆ, ಕೊನೆಯ ಒತ್ತು ಹಿಂತುದಿಯನ್ನು ದೂರ ಸರಿಸುತ್ತದೆ, ಹೀಗೆ ಎರಡು ತುದಿಗಳಿಂದಲೂ ತಿರುವು ನಿಲ್ಲುತ್ತದೆ. ದೋಣಿ ಓಟಕ್ಕೆ ಬಂದ ಮೇಲೆ ಸಿ ಸ್ಟ್ರೋಕ್ ಅನಗತ್ಯ ಶ್ರಮ. ಅಲ್ಲಿಂದ ಮುಂದೆ ಜೆ ಅಥವಾ ಪಿಚ್ ಸಾಕು. ಇಬ್ಬರಿರುವ ದೋಣಿಗೆ ಇದು ಬೇಕಾಗುವುದು ಅಪರೂಪ.

ಮಗ್ಗುಲು ಬದಲಿಸುತ್ತಾ ಸಾಗುವ ಕ್ರಮ

ಯಾವ ತಿದ್ದುಪಡಿಯನ್ನೂ ಮಾಡದೆ, ಕೆಲವು ಎಳೆತಗಳಿಗೊಮ್ಮೆ ಹುಟ್ಟನ್ನು ಇನ್ನೊಂದು ಮಗ್ಗುಲಿಗೆ ದಾಟಿಸುವುದು ಮತ್ತೊಂದು ಮಾರ್ಗ. ಹೊಸಬರು ತಿಳಿಯದೆ ಮಾಡುವುದೂ ಇದನ್ನೇ, ದೂರದೋಟದ ಸ್ಪರ್ಧಿಗಳು ತಿಳಿದು ಮಾಡುವುದೂ ಇದನ್ನೇ, ಆದರೆ ಇಬ್ಬರ ಕ್ರಮಗಳಲ್ಲಿ ಹೋಲಿಕೆ ಕಡಿಮೆ. ಸ್ಪರ್ಧಿಗಳು ಕುಳಿತು, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಗಿಡ್ಡ ಎಳೆತಗಳನ್ನು ಹಾಕುತ್ತಾ, ಸಾಮಾನ್ಯವಾಗಿ 6ರಿಂದ 10 ಎಳೆತಗಳಾದ ಮೇಲೆ ಹಿಂದೆ ಕುಳಿತವರು ‘ಹಟ್’ ಎಂದು ಕೂಗಿದಾಗ ಇಬ್ಬರೂ ಒಟ್ಟಿಗೆ ಮಗ್ಗುಲು ಬದಲಿಸುತ್ತಾರೆ. ದೋಣಿ ಹೊರಳಲು ಆರಂಭಿಸುವ ಮುನ್ನವೇ ಆ ಕರೆ ಬರುತ್ತದೆ. ಹೊಸಬರಾದರೋ ದೋಣಿ ಪೂರ್ತಿ ಹೊರಳಿದ ಮೇಲೆ ಬದಲಿಸುತ್ತಾರೆ, ಹಾಗಾಗಿ ಹಾವಿನ ನಡೆಯಂತೆ ಬಳುಕುತ್ತಾ ದಾರಿಯನ್ನು ಉದ್ದ ಮಾಡಿಕೊಳ್ಳುತ್ತಾರೆ.

ಈ ಕ್ರಮದ ಜೊತೆಗಾರ ಬಾಗಿದ ಕೋಲಿನ ಹುಟ್ಟು. ಅಮೆರಿಕದ ಮಿನೆಸೋಟಾದ ದೋಣಿ ವಿನ್ಯಾಸಕಾರ ಹಾಗೂ ಸ್ಪರ್ಧಿ ಯೂಜೀನ್ ಜೆನ್ಸೆನ್ ಅವರ ಹೆಸರು ಅದರ ಬಳಕೆಯೊಂದಿಗೆ ಬೆಸೆದುಕೊಂಡಿದೆ. ಕೋಲಿಗೂ ಅಲಗಿಗೂ ನಡುವೆ ಸುಮಾರು 12 ಡಿಗ್ರಿಯಷ್ಟು ಬಾಗು ಇರುವುದರಿಂದ ಎಳೆತದ ಎರಡನೆಯ ಅರ್ಧದಲ್ಲೂ ಅಲಗು ಲಂಬವಾಗಿರುತ್ತದೆ, ನೀರನ್ನು ಮೇಲಕ್ಕೆತ್ತುವ ವ್ಯರ್ಥ ಶ್ರಮ ಉಳಿಯುತ್ತದೆ. ಉದ್ದವಾದ, ಕಿರಿದಾದ, ಅಡಿಗೆರೆ (ತುದಿಯಿಂದ ತುದಿಗೆ ಸಾಗುವ ತಳದ ಗೆರೆ) ನೇರವಾಗಿರುವ ದೋಣಿಯಲ್ಲಿ ದೂರದ ನೀರನ್ನು ದಾಟಬೇಕಾದವರಿಗೆ ಇದಕ್ಕಿಂತ ವೇಗದ ಕ್ರಮವಿಲ್ಲ, ಮತ್ತು ದಣಿವು ಎರಡೂ ಭುಜಗಳಿಗೆ ಸಮನಾಗಿ ಹಂಚಿಹೋಗುತ್ತದೆ ಎಂಬುದು ಅದರ ದೊಡ್ಡ ಲಾಭ.

ಅದೇ ಹುಟ್ಟಿನಲ್ಲಿ ಜೆ ಸ್ಟ್ರೋಕ್ ಹಾಕಲು ಹೋದರೆ ಬಾಗು ಅಡ್ಡ ಬರುತ್ತದೆ. ಮಾಡಲಾಗದೆಂದಲ್ಲ, ಆದರೆ ಸಲೀಸಾಗಿ ಬರುವುದಿಲ್ಲ. ಹುಟ್ಟು ಮಗ್ಗುಲು ದಾಟುವ ಕ್ಷಣದಲ್ಲಿ ಅಲಗು ಗಾಳಿಯಲ್ಲಿರುತ್ತದೆ, ಅಲೆಯ ನಡುವೆ ಆ ಕ್ಷಣದಲ್ಲಿ ದೋಣಿಗೆ ಆಸರೆಯಿಲ್ಲ. ಹೇರು ಹೊತ್ತ ಅಗಲ ದೋಣಿಯಲ್ಲಿ ಮೊಣಕಾಲೂರಿ ಕುಳಿತವರಿಗೆ ದಾಟಿಸುವುದೇ ಒಂದು ಕೆಲಸ, ಹನಿಗಳು ಪ್ರತಿ ಬಾರಿಯೂ ಸಾಮಾನಿನ ಮೇಲೆ ಬೀಳುತ್ತವೆ. ಆದ್ದರಿಂದ ಇದು ತೆರೆದ ನೀರಿನ, ದೂರದ ಹಾದಿಯ, ವೇಗದ ಕ್ರಮವೆಂದೇ ನಾನು ಭಾವಿಸುತ್ತೇನೆ.

ವೇಗವೇ ಮುಖ್ಯವಾದಲ್ಲೆಲ್ಲ ಮಗ್ಗುಲು ಬದಲಿಸಲೇಬೇಕೆಂದು ಮಾತ್ರ ತಿಳಿಯಬಾರದು. ಒಲಿಂಪಿಕ್ಸ್‌ನ ಕೆನೂ ಸ್ಪ್ರಿಂಟ್ ಸ್ಪರ್ಧೆ 1936ರ ಬರ್ಲಿನ್ ಕೂಟದಿಂದ ನಡೆದುಬಂದಿದೆ. ಆ ವರ್ಷ ಒಬ್ಬರೇ ನಡೆಸುವ ಕೆನೂವಿನ 1000 ಮೀಟರ್ ಚಿನ್ನವನ್ನು ಕೆನಡಾದ ಫ್ರಾಂಕ್ ಅಮಿಯಟ್ ಗೆದ್ದರು. ಈ ಸ್ಪರ್ಧೆಯ ಕಯಾಕ್‌ಗಳಿಗೆ ಚುಕ್ಕಾಣಿ ಇರುತ್ತದೆ, ಕೆನೂಗಳಿಗೆ ಇರುವುದಿಲ್ಲ. ಒಂದು ಮೊಣಕಾಲನ್ನು ಊರಿ, ಆರಂಭದಿಂದ ಅಂತ್ಯದವರೆಗೆ ಒಂದೇ ಮಗ್ಗುಲಿನಲ್ಲಿ ಎಳೆಯುವ ಸ್ಪರ್ಧಿಗಳು ತಮ್ಮ ಕಿರಿದಾದ ದೋಣಿಯನ್ನು ನೇರ ಸಾಲಿನಲ್ಲಿ ಇಟ್ಟುಕೊಳ್ಳುವುದು ಪ್ರತಿ ಎಳೆತದ ಕೊನೆಗೆ ಬೆರೆತ ಒಂದು ಪುಟ್ಟ ತಿರುಚಿನಿಂದ. ಹೊರಗಿನಿಂದ ನೋಡುವವರಿಗೆ ಅದು ಕಾಣಿಸುವುದೇ ಕಷ್ಟ. ತಿದ್ದುಪಡಿ ಎಷ್ಟು ಚಿಕ್ಕದಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸ್ವೀಪ್ ಮತ್ತು ಡ್ರಾ

ಮೂತಿಯು ಹುಟ್ಟಿನ ಕಡೆಗೇ ಹೊರಳಿದಾಗ ಜೆ ಸ್ಟ್ರೋಕ್ ಕೆಲಸಕ್ಕೆ ಬಾರದು, ಅದು ಹೊರಳನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಲ್ಲಿ ಸ್ವೀಪ್ ಬೇಕು: ಕೋಲನ್ನು ಬಹುಮಟ್ಟಿಗೆ ಅಡ್ಡಲಾಗಿ ಹಿಡಿದು ಅಲಗನ್ನು ದೂರದ ಕಮಾನಿನಲ್ಲಿ ಬೀಸುವುದು. ಒಬ್ಬರೇ ಇದ್ದರೆ ಮುಂದಿನಿಂದ ಹಿಂದಿನವರೆಗೆ ಅರ್ಧವೃತ್ತ. ಇಬ್ಬರಿದ್ದರೆ ಮುಂದಿನವರು ಮೂತಿಯಿಂದ ಸೊಂಟದವರೆಗೆ, ಹಿಂದಿನವರು ಸೊಂಟದಿಂದ ಹಿಂತುದಿಯವರೆಗೆ ಕಾಲುವೃತ್ತ ಮಾತ್ರ. ಉಳಿದ ಕಾಲುಭಾಗ ಬೀಸಿದರೆ ತಮ್ಮ ಕೆಲಸವನ್ನು ತಾವೇ ಅಳಿಸಿದಂತಾಗುತ್ತದೆ. ಸ್ವೀಪ್ ದೋಣಿಯನ್ನು ತಿರುಗಿಸುತ್ತಲೇ ಮುಂದಕ್ಕೂ ಒಯ್ಯುವುದರಿಂದ ಅದರಲ್ಲಿ ವೇಗದ ನಷ್ಟವಿಲ್ಲ. ತಿರುಗಿಸುವುದಕ್ಕೆ, ಹಿಂದಿನಿಂದ ಮುಂದಕ್ಕೆ ಬೀಸುವ ರಿವರ್ಸ್ ಸ್ವೀಪ್ ಇನ್ನೂ ಬಲಶಾಲಿ, ಆದರೆ ಓಟವನ್ನೇ ಕೊಲ್ಲುತ್ತದೆ. ನೇರ ದಾರಿಯ ಚರ್ಚೆಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಡ್ರಾ ಎಂದರೆ ಅಲಗನ್ನು ಪಕ್ಕದಲ್ಲಿ ದೂರ ಇಳಿಸಿ ದೋಣಿಯ ಕಡೆಗೆ ಸೆಳೆಯುವುದು. ಇಬ್ಬರ ದೋಣಿಯಲ್ಲಿ ಮುಂದೆ ಕುಳಿತವರ ಕೈಯಲ್ಲಿ ಇದು ಅಮೂಲ್ಯ, ಏಕೆಂದರೆ ನೀರಿನಡಿಯ ಬಂಡೆ ಅವರಿಗೆ ಮೊದಲು ಕಾಣುತ್ತದೆ, ಹಿಂದಿನವರಿಗೆ ಹೇಳಿ ತಿರುಗಿಸುವಷ್ಟು ಸಮಯ ಇರುವುದಿಲ್ಲ. ಆದರೆ ತೆರೆದ ನೀರಿನಲ್ಲಿ ಮುಂದಿನವರು ತಮಗೆ ತೋಚಿದಾಗಲೆಲ್ಲ ಡ್ರಾ ಹಾಕುತ್ತಿದ್ದರೆ ಹಿಂದಿನವರು ಯಾವ ಹೊರಳನ್ನು ತಿದ್ದಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಮುಂದಿನವರು ಲಯವನ್ನು ಕಾಯಬೇಕು, ಹಿಂದಿನವರು ದಿಕ್ಕನ್ನು ಕಾಯಬೇಕು ಎಂಬ ಹಳೆಯ ವಿಭಜನೆಯನ್ನು ಶಾಂತ ನೀರಿನಲ್ಲಿ ಮೀರದಿರುವುದು ಒಳಿತು.

ಗಾಳಿಯಲ್ಲಿ ಆಯ್ಕೆ ಬದಲಾಗುತ್ತದೆ

ಗಾಳಿಯಿರುವಾಗ ಯಾವ ಸ್ಟ್ರೋಕ್ ಎಂಬುದಕ್ಕಿಂತ ಯಾವ ಮಗ್ಗುಲು ಎಂಬ ಪ್ರಶ್ನೆ ದೊಡ್ಡದು. ಮೂತಿ ಹಗುರವಾಗಿ ಮೇಲೆದ್ದಿದ್ದರೆ ಪಕ್ಕದ ಗಾಳಿ ಅದನ್ನು ತಾನು ಹೋಗುವ ಕಡೆಗೆ ತಳ್ಳುತ್ತದೆ. ಮೂತಿ ಭಾರವಾಗಿ ಹಿಂತುದಿ ಹಗುರವಾಗಿದ್ದರೆ ಹಿಂತುದಿ ಸರಿದು ಮೂತಿ ಗಾಳಿಯ ಎದುರಿಗೆ ತಿರುಗುತ್ತದೆ. ಗಾಳಿ ಬಲಗಡೆಯಿಂದ ಬೀಸಿ ಮೂತಿಯನ್ನು ಎಡಕ್ಕೆ ತಳ್ಳುತ್ತಿದೆ ಎಂದುಕೊಳ್ಳೋಣ. ಎಡಗಡೆ, ಅಂದರೆ ಗಾಳಿಯ ಮರೆಯ ಮಗ್ಗುಲಿನಲ್ಲಿ ಹುಟ್ಟು ಹಾಕಿದರೆ ಪ್ರತಿ ಎಳೆತವೂ ಸಹಜವಾಗಿಯೇ ಮೂತಿಯನ್ನು ಬಲಕ್ಕೆ ತರುತ್ತದೆ. ಗಾಳಿ ತಳ್ಳಿದ್ದನ್ನು ಎಳೆತ ಸರಿಪಡಿಸುತ್ತದೆ, ಜೆ ಸ್ಟ್ರೋಕ್‌ನ ಅಗತ್ಯವೇ ಬಹುಪಾಲು ಮಾಯವಾಗುತ್ತದೆ. ಮೂತಿಯು ಗಾಳಿಗೆ ಎದುರಾಗಿ ತಿರುಗುವ ದೋಣಿಗೆ ಗಾಳಿ ಬರುವ ಮಗ್ಗುಲೇ ಸರಿ.

ಭಾರದ ಹೊಂದಿಕೆಯನ್ನು ಕಡೆಗಣಿಸಿ ಸ್ಟ್ರೋಕ್‌ಗಳಿಂದಲೇ ಗಾಳಿಯನ್ನು ಗೆಲ್ಲಲು ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಮರುಕವಾಗುತ್ತದೆ. ಎದುರು ಗಾಳಿಗೆ ಸಾಮಾನನ್ನು ಸ್ವಲ್ಪ ಮುಂದಕ್ಕೆ, ಹಿಂಗಾಳಿಗೆ ಸ್ವಲ್ಪ ಹಿಂದಕ್ಕೆ ಸರಿಸಿದರೆ ಗಾಳಿಯೇ ದೋಣಿಯನ್ನು ನೇರವಾಗಿಡಲು ನೆರವಾಗುತ್ತದೆ, ತೋಳುಗಳು ಗಂಟೆಗಟ್ಟಲೆ ಮಾಡಬೇಕಾದ ಕೆಲಸವನ್ನು ಒಂದು ಚೀಲದ ಸ್ಥಾನಪಲ್ಲಟ ಮಾಡಿಬಿಡುತ್ತದೆ. ಒಬ್ಬರೇ ಇದ್ದು ಹಿಂದಿನ ಆಸನದಲ್ಲಿ ಕುಳಿತರೆ ಮೂತಿ ನೀರಿನಿಂದ ಮೇಲೇಳುತ್ತದೆ, ಅಂಥ ದೋಣಿಯನ್ನು ಬಲವಾದ ಗಾಳಿಯಲ್ಲಿ ಯಾವ ಸ್ಟ್ರೋಕ್‌ನಿಂದಲೂ ಹಿಡಿದಿಡಲಾಗದು. ನಡುಭಾಗದ ಹತ್ತಿರಕ್ಕೆ ಬಂದು ಮೊಣಕಾಲೂರುವುದೇ ಅಲ್ಲಿ ಉಪಾಯ.

ದೋಣಿಯ ಆಕಾರವೂ ಆಯ್ಕೆಯಲ್ಲಿ ಪಾಲು ಕೇಳುತ್ತದೆ. ಅಡಿಗೆರೆ ತುದಿಗಳಲ್ಲಿ ಮೇಲಕ್ಕೆ ಬಾಗಿರುವ ಗಿಡ್ಡ ದೋಣಿ ಹೊಳೆಯಲ್ಲಿ ಚುರುಕು, ಆದರೆ ಸರೋವರದಲ್ಲಿ ಪ್ರತಿ ಎಳೆತಕ್ಕೂ ತಿದ್ದುಪಡಿ ಬೇಡುತ್ತದೆ. ಅದಕ್ಕೆ ಜೆ ಮತ್ತು ಕೆನೇಡಿಯನ್ ಸ್ಟ್ರೋಕ್‌ಗಳೇ ತಕ್ಕವು. ಅಡಿಗೆರೆ ನೇರವಾಗಿರುವ ಉದ್ದ ದೋಣಿ ಕೆಲವು ಎಳೆತಗಳವರೆಗೆ ತಾನೇ ದಾರಿ ಹಿಡಿದಿರುವುದರಿಂದ ಪಿಚ್ ಸ್ಟ್ರೋಕ್ ಅಥವಾ ಮಗ್ಗುಲು ಬದಲಿಸುವ ಕ್ರಮ ಅದಕ್ಕೆ ಸಾಕು.

ಆರಿಸಿದ್ದು ಸರಿಯೇ ಎಂದು ತಿಳಿಯುವ ಬಗೆ

ಮೂತಿಯ ತುದಿಯನ್ನೇ ನೋಡುತ್ತಾ ಸಾಗಿದರೆ ಹೊರಳು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಎದುರು ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತುಗಳನ್ನು, ಉದಾಹರಣೆಗೆ ನೀರಂಚಿನ ಒಂದು ಬಂಡೆಯನ್ನೂ ಅದರ ಹಿಂದಿನ ಮರವನ್ನೂ ಆರಿಸಿಕೊಳ್ಳಬೇಕು. ಅವೆರಡೂ ಒಂದೇ ಗೆರೆಯಲ್ಲಿ ಉಳಿದಿದ್ದರೆ ದೋಣಿ ದಾರಿಯಲ್ಲಿದೆ. ಬಂಡೆಯ ಹಿಂದಿನಿಂದ ಮರ ಒಂದು ಕಡೆಗೆ ಸರಿಯಲಾರಂಭಿಸಿದರೆ, ಮೂತಿ ಗುರಿಯತ್ತಲೇ ಇದ್ದರೂ ದೋಣಿಯು ಗಾಳಿಗೋ ಹರಿವಿಗೋ ಸಿಕ್ಕಿ ಪಕ್ಕಕ್ಕೆ ತೇಲುತ್ತಿದೆ ಎಂದರ್ಥ. ಆಗ ಬೇಕಾದದ್ದು ದೊಡ್ಡ ತಿದ್ದುಪಡಿಯಲ್ಲ, ಮೂತಿಯನ್ನು ಗಾಳಿ ಅಥವಾ ಹರಿವು ಬರುವ ಕಡೆಗೆ ಸ್ವಲ್ಪ ಓರೆಯಾಗಿಟ್ಟು ಅದೇ ಕೋನದಲ್ಲಿ ಮುಂದುವರಿಯುವುದು.

ಇನ್ನೊಂದು ಪರೀಕ್ಷೆ ಇನ್ನೂ ಸರಳ. ಗಾಳಿಯಿಲ್ಲದ ಹೊತ್ತಿನಲ್ಲಿ ದೋಣಿಯನ್ನು ಸಹಜ ವೇಗಕ್ಕೆ ತಂದು, ಒಂದು ಎಳೆತದ ಕೊನೆಯಲ್ಲಿ ಹುಟ್ಟನ್ನು ನೀರಿನಿಂದ ಎತ್ತಿ ದೋಣಿಯನ್ನು ತೇಲಲು ಬಿಡಿ. ಅದು ಹುಟ್ಟಿನ ಎದುರು ಮಗ್ಗುಲಿಗೆ ತಿರುಗುತ್ತಾ ಹೋದರೆ ತಿದ್ದುಪಡಿ ಸಾಲದು, ಹುಟ್ಟಿನ ಕಡೆಗೆ ತಿರುಗಿದರೆ ಅತಿಯಾಯಿತು. ನೇರವಾಗಿ ತೇಲಿದರೂ ಬಹಳ ಬೇಗ ನಿಂತರೆ ತಿದ್ದುವ ಹೊತ್ತಿನಲ್ಲಿ ಅಲಗು ತಡೆಯಾಗಿದೆ. ಹೆಬ್ಬೆರಳನ್ನು ಇನ್ನೂ ಮುಂಚೆಯೇ ತಿರುಗಿಸಲು ಆರಂಭಿಸಿ, ಹೊರಕ್ಕೆ ಒತ್ತುವುದನ್ನು ಅಷ್ಟೇ ಕಡಿಮೆ ಮಾಡಿ, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು.